ರೈಲಿಲ್ಲದ ಟೇಸನ್ನಿನ ಚಲುವಮ್ಮ

ಕೊಡಗಿಗೆ ರೈಲು ಬರಲಿಲ್ಲ. ಅತ್ತಿಬೈಲಿಗೆ ಮಾತ್ರ ಟೇಸನ್ ಬಂದಿತ್ತು.

ಕೇಳಿದವರು ನಗುತ್ತಾರೆ. ನಗಲಿ. ಸೋಮವಾರಪೇಟೆಯಿಂದ ಮಡಿಕೇರಿಗೆ ಹೋಗುವ ರಸ್ತೆಯಲ್ಲಿ ದೊಡ್ಡ ಅತ್ತಿಮರ ದಾಟಿದರೆ ಎಡಗಡೆ ಅದು ಇತ್ತು. ಹೆಂಚಿನ ಮಾಡು, ಮುಂದೆ ಗಾಡಿಯ ಎತ್ತರಕ್ಕೆ ಕಟ್ಟಿದ ಕಲ್ಲಿನ ಜಗಲಿ, ಜಗಲಿಯ ಮೇಲೆ ಉದ್ದನೆಯ ಮರದ ಬೆಂಚು, ತೊಲೆಯಿಂದ ಇಳಿಬಿಟ್ಟ ಹಿತ್ತಾಳೆಯ ಗಂಟೆ. ಒಂದು ಟೇಸನ್ನಿಗೆ ಏನೇನು ಬೇಕೋ ಎಲ್ಲ ಇತ್ತು. ಕಂಬಿ ಇರಲಿಲ್ಲ, ರೈಲು ಇರಲಿಲ್ಲ, ಅಷ್ಟೇ.

ರೈಲು ಇದ್ದದ್ದು ಮೈಸೂರಿನಲ್ಲಿ. ಸುತ್ತಲ ತೋಟಗಳ ಕಾಫಿ, ಏಲಕ್ಕಿ ಮೂಟೆಗಳನ್ನು ಇಲ್ಲಿ ತೂಗಿ, ರೈಲಿನ ರಶೀದಿ ಹರಿದುಕೊಟ್ಟು, ಎತ್ತಿನ ಗಾಡಿಗಳಲ್ಲಿ ಅಲ್ಲಿಗೆ ಕಳಿಸುತ್ತಿದ್ದರು. ರೈಲಿನವರ ಪರವಾಗಿ ಒಬ್ಬ ಕಂಟ್ರಾಕ್ಟರು ಇದನ್ನು ನಡೆಸುತ್ತಿದ್ದ. ದಾರಿಯಲ್ಲಿ ಆನೆ ಕಾಟ. ಅದಕ್ಕೇ ಗಾಡಿಗಳು ಒಂದೊಂದಾಗಿ ಹೊರಡುತ್ತಿರಲಿಲ್ಲ. ಎಲ್ಲ ಗಾಡಿಗೂ ಮೂಟೆ ಏರಿದ ಮೇಲೆ ಗಂಟೆ ಹೊಡೆಯುತ್ತಿದ್ದರು. ಗಂಟೆ ಕೇಳಿದ ಮೇಲೆ ಸಾಲು ಹಿಡಿದು ಹೊರಡುತ್ತಿದ್ದವು. ಮೂಟೆ ಏರಿಸುತ್ತಿದ್ದವನೂ ಗಂಟೆ ಹೊಡೆಯುತ್ತಿದ್ದವನೂ ಜವರಯ್ಯ. ಚಲುವಮ್ಮನ ಗಂಡ.

ಚಲುವಮ್ಮ ಅರಕಲಗೂಡು ಕಡೆಯವಳು. ಅವಳಪ್ಪನಿಗೆ ಯಾರೋ "ಹುಡುಗ ರೈಲ್ವೇಲಿ ಅವ್ನೆ" ಎಂದಿದ್ದರು. ಅಪ್ಪ ಹಿಂದೆ ಮುಂದೆ ನೋಡದೆ ಒಪ್ಪಿದ. ರೈಲಿನ ಹುಡುಗನಿಗೆ ಮಗಳನ್ನು ಕೊಟ್ಟೆ ಎಂದು ಊರೆಲ್ಲ ಹೇಳಿಕೊಂಡು ಬಂದ. ಮದುವೆಯಾಗಿ ಬಂದು ಗಾಡಿಯಿಂದ ಇಳಿದವಳು ಜಗಲಿಯ ತುದಿಗೆ ಹೋಗಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಏನು ಹುಡುಕ್ತಿದ್ದೀಯಾ?" ಎಂದ ಜವರಯ್ಯ.

"ರೈಲೆಲ್ಲಿ?"

"ಮೈಸೂರಲ್ಲೈತೆ."

"ನೀವು ಇಲ್ಲಿದ್ದೀರಲ್ಲ?"

"ಅದರ ಹೊಟ್ಟೆಗೆ ಹಾಕೋನು ನಾನು ಕಣೆ. ಇಲ್ಲಿಂದ ಮೂಟೆ ಹೋಗ್ದಿದ್ರೆ ಅದು ಉಪವಾಸ."

ಅವಳಿಗೆ ಸಿಟ್ಟು ಬಂತು. ಆಮೇಲೆ ನಗು ಬಂತು. ಅಪ್ಪನಿಗೆ ಕೊನೆವರೆಗೂ ಹೇಳಲಿಲ್ಲ. ಒಂದು ಸಲ ಮೈಸೂರಿಗೆ ಕರೆದುಕೊಂಡು ಹೋಗಿ ರೈಲು ತೋರಿಸುತ್ತೇನೆ ಎಂದು ಜವರಯ್ಯ ವರ್ಷ ವರ್ಷವೂ ಹೇಳುತ್ತಿದ್ದ. ತೋರಿಸಲಿಲ್ಲ.

ಟೇಸನ್ನಿನ ಹಿಂದಿನ ಕೋಣೆಯಲ್ಲೇ ಅವರ ಸಂಸಾರ. ಮಕ್ಕಳು ಎರಡು ಹುಟ್ಟಿದವು. ಎರಡೂ ಉಳಿಯಲಿಲ್ಲ. ಅದರ ಮಾತನ್ನು ಅವಳು ಯಾರ ಹತ್ತಿರವೂ ಆಡುವುದಿಲ್ಲ.

ದೊಡ್ಡ ಯುದ್ಧ ಮುಗಿದ ಮೇಲೆ ಲಾರಿಗಳು ಬಂದವು. ತೋಟದ ಬಾಗಿಲಲ್ಲೇ ಮೂಟೆ ಹೇರಿಕೊಂಡು ಹೋಗತೊಡಗಿದವು. ಟೇಸನ್ನಿಗೆ ಕೆಲಸ ಇಲ್ಲವಾಯಿತು. ಕಂಟ್ರಾಕ್ಟರು ಒಂದು ದಿನ ಬಂದು ತಕ್ಕಡಿ, ಮೇಜು, ಪೆಟ್ಟಿಗೆ ಎಲ್ಲ ಹೇರಿಸಿಕೊಂಡ. ಬೆಂಚು ಗಾಡಿಗೆ ಹಿಡಿಸಲಿಲ್ಲ. ಗಂಟೆ ಬಿಚ್ಚಲು ಬರಲಿಲ್ಲ. ಬೀಗದ ಕೈಯನ್ನು ಜವರಯ್ಯನ ಅಂಗೈಗೆ ಹಾಕಿ, "ನಿನ್ನ ಹತ್ರ ಇರಲಿ. ಯಾರಾದರೂ ಬಂದು ಕೇಳ್ತಾರೆ, ಕೊಡು" ಎಂದ. ಯಾರೂ ಬಂದು ಕೇಳಲಿಲ್ಲ.

ಜವರಯ್ಯ ತೋಟದ ಕೂಲಿಗೆ ಸೇರಿಕೊಂಡ. ಆದರೂ ಬೆಳಗ್ಗೆ ಎದ್ದು ಜಗಲಿ ಗುಡಿಸದೆ ಹೋಗುತ್ತಿರಲಿಲ್ಲ. ಹುಣಿಸೆಹಣ್ಣು ಹಚ್ಚಿ ಗಂಟೆ ತಿಕ್ಕುತ್ತಿದ್ದ. "ಯಾರು ಹತ್ತಾರೆ ಅಂತ ಈ ಶೃಂಗಾರ?" ಎಂದು ಚಲುವಮ್ಮ ಕೇಳುತ್ತಿದ್ದಳು. "ನೀನೇ ಹತ್ತು" ಎನ್ನುತ್ತಿದ್ದ.

ಅವನು ಸತ್ತದ್ದು ಚಳಿಜ್ವರದಲ್ಲಿ. ಕಂಬಳಿ ಮೇಲೆ ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಡಬಡಿಸತೊಡಗಿದ. "ಗಾಡಿ ಹೊರಟ್ವಾ? ಗಾಡಿ ಹೊರಟ್ವಾ?" ಅದೇ ಮಾತು. ಹೊರಟವು ಎಂದಳು. ಅವನು ನಂಬಲಿಲ್ಲ. "ಗಂಟೆ ಆಗ್ಲಿಲ್ಲ" ಎಂದ. ಅವಳು ಎದ್ದು ಹೋಗಿ ಗಂಟೆ ಹೊಡೆದಳು. ಖಾಲಿ ರಸ್ತೆಗೆ, ಇಲ್ಲದ ಗಾಡಿಗಳಿಗೆ ಜೋರಾಗಿ ಹೊಡೆದಳು. ಒಳಗೆ ಬಂದಾಗ ಅವನ ಮುಖ ಸಮಾಧಾನವಾಗಿತ್ತು. ಆಮೇಲೆ ಅವನು ಮಾತಾಡಲಿಲ್ಲ.

ತಿಥಿ ಮುಗಿಸಿ ಚಲುವಮ್ಮನ ತಮ್ಮ ಸಣ್ಣಸ್ವಾಮಿ ಅವಳನ್ನು ಕರೆದುಕೊಂಡು ಹೋಗಲು ನಿಂತ. ಗಂಟು ಕಟ್ಟು ಎಂದ.

"ಅಲ್ಲಿ ಬಂದು ಏನ್ ಮಾಡ್ಲಿ?"

"ಏನೂ ಮಾಡಬೇಡ. ಒಂದು ಹೊತ್ತು ಉಣ್ಕಂಡು ಮೂಲೇಲಿ ಕೂತಿರಕ್ಕ."

"ಮೂಲೆ ಇಲ್ಲೂ ಐತೆ. ಇದು ನನ್ನ ಮೂಲೆ" ಎಂದಳು.

ತಮ್ಮ ಒಂದು ಗಳಿಗೆ ನಿಂತು, ಹೋಗಿಬಿಟ್ಟ. ಅವನ ಮುಖದಲ್ಲಿ ಬೇಸರದ ಜೊತೆ ಬಿಡುಗಡೆಯೂ ಇತ್ತು. ಅವಳು ಅದನ್ನೂ ಕಂಡಳು.

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ದಿನಗಳವು. ಸೋಮವಾರಪೇಟೆ ಕಡೆಯಿಂದ ಬೆಳಗ್ಗೆ ಮಡಿಕೇರಿಗೆ ಹೋಗುವುದು ಒಂದೇ ಬಸ್ಸು. ಅದು ಅತ್ತಿಮರದ ಕೆಳಗೆ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಜನ ಅಲ್ಲಿ ಒದ್ದೆಯಾಗಿ ಕೋಳಿಗಳ ಹಾಗೆ ಮುದುರಿ ನಿಂತಿರುತ್ತಿದ್ದರು. ಡ್ರೈವರ್ ಉತ್ತಯ್ಯ ಮಿಲಿಟರಿಯಿಂದ ವಾಪಸು ಬಂದ ಕೊಡವ. ಒಂದು ದಿನ ಮಳೆ ಹೊಡೆತಕ್ಕೆ ಎದುರಿನ ಗಾಜು ಕಾಣದೆ ಬಸ್ಸನ್ನು ಸೀದಾ ಟೇಸನ್ನಿನ ಜಗಲಿಗೆ ತಂದು ತಾಗಿಸಿದ. ಒಳಗಿಂದ ಹೊಗೆ ಬರುತ್ತಿತ್ತು, ಕಾಫಿ ಬೀಜ ಹುರಿದ ಪರಿಮಳ ಬರುತ್ತಿತ್ತು.

"ಯಾರುಂಟು ಒಳಗೆ? ಒಂದು ಲೋಟ ಕಾಫಿ ಉಂಟಾ ಅಕ್ಕ?"

ಬೆಲ್ಲ ಹಾಕಿ ಕಾಸಿದ ಕರಿ ಕಾಫಿ. ಉತ್ತಯ್ಯ ಕುಡಿದ. ಇನ್ನೊಂದು ಲೋಟ ಕೇಳಿದ. ಬೆಂಚು ನೋಡಿದ, ಮಾಡು ನೋಡಿದ. "ಇಷ್ಟು ಒಳ್ಳೆ ಜಾಗ ಇಟ್ಟುಕೊಂಡು ಆ ಮರದ ಕೆಳಗೆ ಎಂತ ಸಾಯುದು? ನಾಳೆಯಿಂದ ಇಲ್ಲೇ ನಿಲ್ಲಿಸುದು" ಎಂದ.

ಹಾಗೆ ಟೇಸನ್ನಿಗೆ ಬಸ್ಸು ಬಂತು. ಚಲುವಮ್ಮ ಕಾಫಿ ಮಾರಿದಳು, ಅಕ್ಕಿರೊಟ್ಟಿ ಸುಟ್ಟು ಮಾರಿದಳು. ಬಸ್ಸು ಹೊರಡುವ ಮುಂಚೆ ಗಂಟೆ ಹೊಡೆಯುತ್ತಿದ್ದಳು. ಗದ್ದೆ ಬದುವಿನಲ್ಲಿ ಇನ್ನೂ ಬರುತ್ತಿದ್ದವರು ಅದನ್ನು ಕೇಳಿ ಓಡಿ ಬರುತ್ತಿದ್ದರು. ಜವರಯ್ಯ ಹೋದ ಮೇಲೆ ಅವಳಿಗೆ ಬೆಳಗ್ಗೆ ಏಳುವುದಕ್ಕೆ ಒಂದು ಕಾರಣ ಸಿಕ್ಕಿತು. ಹೊಟ್ಟೆಪಾಡೂ ಆಯಿತು.

ಒಂದು ಮಳೆಗಾಲ, ಒಂದು ಚಳಿಗಾಲ ಹೀಗೆ ಹೋಯಿತು. ಆಮೇಲೆ ಪಟೇಲ ಸೋಮಯ್ಯನ ಮಗಳ ಸಂಬಂಧ ತಪ್ಪಿತು. ಮಾತುಕತೆಗೆಂದು ಮೂರ್ನಾಡಿಗೆ ಹೊರಟವರು ಬರಿಗೈಲಿ ತಿರುಗಿ ಬಂದರು. ಪಟೇಲನ ಹೆಂಡತಿ ನೀಲಾವತಿ ಬಾಗಿಲಲ್ಲೇ ತಡೆದು ಕೇಳಿದಳು: "ಹೊರಡುವಾಗ ಎದುರಿಗೆ ಯಾರು ಸಿಕ್ಕಿದ್ರು?"

ಯಾರು ಸಿಕ್ಕುತ್ತಾರೆ. ಬರಿಹಣೆಯ ಚಲುವಮ್ಮ, ಕೈಯಲ್ಲಿ ಕಾಫಿ ಲೋಟ.

ಆ ಸೀಮೆಯಲ್ಲಿ ಒಂದು ಪದ್ಧತಿ. ಹೊರಡುವಾಗ ಗಂಡ ಸತ್ತವಳು ಎದುರಾದರೆ ಮುಂದಕ್ಕೆ ಹೋಗಬಾರದು. ಮನೆಗೆ ಹಿಂದಿರುಗಿ, ಕೂತು, ಒಂದು ಗುಟುಕು ನೀರು ಕುಡಿದು, ಹೊಸದಾಗಿ ಹೊರಡಬೇಕು. ನಡೆದು ಹೋಗುವ ಕಾಲದಲ್ಲಿ, ಗಾಡಿಯ ಕಾಲದಲ್ಲಿ ಇದು ಯಾರಿಗೂ ಭಾರವಾಗಿರಲಿಲ್ಲ. ಎತ್ತು ಕಾಯುತ್ತಿತ್ತು. ಬಸ್ಸು ಕಾಯುವುದಿಲ್ಲ. ಮನೆಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಉತ್ತಯ್ಯ ಎರಡು ತಿರುವು ದಾಟಿರುತ್ತಿದ್ದ. ಬಸ್ಸು ಹಿಡಿಯಬೇಕಾದರೆ ಚಲುವಮ್ಮನ ಮುಖ ನೋಡಲೇಬೇಕು. ಇಷ್ಟು ದಿನ ಇದನ್ನು ಯಾರೂ ಯೋಚಿಸಿರಲಿಲ್ಲ. ಪಟೇಲನ ಮಗಳ ಸಂಬಂಧ ತಪ್ಪಿದ ಮೇಲೆ ಎಲ್ಲರೂ ಯೋಚಿಸಿದರು. ಒಬ್ಬನ ಎತ್ತು ಸತ್ತದ್ದು, ಇನ್ನೊಬ್ಬನ ಮೊಮ್ಮಗನಿಗೆ ಸಿಡುಬು ಎದ್ದದ್ದು, ಎಲ್ಲವನ್ನೂ ತಂದು ಅವಳ ಜಗಲಿಯ ಮೇಲೆ ಸುರಿದರು.

ಸೋಮಯ್ಯ ಒಂದು ಮಧ್ಯಾಹ್ನ ಬಂದ. ಬೆಂಚಿನ ಮೇಲೆ ಕೂರಲಿಲ್ಲ.

"ಚಲುವಮ್ಮ, ಬೇಜಾರು ಮಾಡ್ಕಬೇಡ. ಬೆಳಗ್ಗೆ ಬಸ್ಸು ಹೋಗೋಗಂಟ ನೀನು ಒಳಗೇ ಇರು. ಆಮ್ಯಾಲೆ ಆಚೆ ಬಾ."

"ನಾನು ಒಳಗಿದ್ರೆ ಕಾಫಿ ಯಾರು ಕೊಡ್ತಾರೆ ಪಟೇಲ್ರೆ?"

"ಅದುಕ್ಕೂ ಯೋಚನೆ ಮಾಡೀನಿ. ಬಾಗಿಲಿಗೊಂದು ಹಳೇ ಸೀರೆ ಕಟ್ಟು. ಹಿಂದಿಂದ ಲೋಟ ಚಾಚು."

"ನನ್ನ ಕೈ ಆಯ್ತದೆ, ಮುಖ ಆಗಕಿಲ್ಲ."

"ನಾನು ಹೇಳ್ತಿರೋದಲ್ಲ ಇದು. ಊರು ಹೇಳ್ತೈತೆ."

"ಊರಿನ ಬಾಯಿ ನಾನು ಕಂಡಿಲ್ಲ. ನಿಮ್ಮ ಬಾಯಿ ಕಾಣ್ತೈತೆ."

ಸೋಮಯ್ಯನ ಮೀಸೆ ಅಲ್ಲಾಡಿತು. ಅವಳು ನಿಲ್ಲಿಸಲಿಲ್ಲ. "ಶಕುನ ಕೆಟ್ರೆ ಏನ್ ಮಾಡ್ಬೇಕು? ಕೂತು ನೀರು ಕುಡಿದು ಹೊರಡಬೇಕು, ಅಷ್ಟೇ ತಾನೆ? ಕೂರಕ್ಕೆ ಬೆಂಚೈತೆ. ಕೊಡದಲ್ಲಿ ನೀರೈತೆ. ನಿಮ್ಮನೇಗಂಟ ಯಾಕೆ ಓಡ್ಬೇಕು? ನನ್ನ ಮುಖ ನೋಡಿ, ಕೂತ್ಕಳಿ, ನೀರು ಕುಡೀರಿ, ಬಸ್ಸು ಹತ್ತಿ. ನೀರಿಗೆ ನಾನು ಏನೂ ಕೇಳಕಿಲ್ಲ."

"ನಿಂಗೆ ನಾಲಿಗೆ ಉದ್ದ ಆಗೈತೆ. ಈ ಕಟ್ಟಡ ನಿಂದಲ್ಲ, ನೆಪ್ಪಿರಲಿ. ಜವರಯ್ಯಂದೂ ಅಲ್ಲ. ನಾನು ಮಡಿಕೇರಿಗೆ ಒಂದು ಕಾಗದ ಬರೆದ್ರೆ ಬಂದು ಬೀಗ ಜಡೀತಾರೆ. ಆಗ ಎಲ್ಲಿ ಕಾಫಿ ಕಾಸ್ತೀಯ ನೋಡ್ತೀನಿ."

ಅವನು ಹೋದ ಮೇಲೆ ಅವಳು ಒಲೆಯ ಮುಂದೆ ಕೂತಳು. ಕಾಗದ ಬರೆದರೆ ಬೀಗ ಬೀಳುತ್ತದೆ ಎಂದು ಅವಳೂ ನಂಬಿದ್ದಳು. ಇದು ಹೋದರೆ ಅವಳಿಗೆ ಉಳಿಯುವುದು ತಮ್ಮನ ಮನೆಯ ಮೂಲೆ. ಜವರಯ್ಯ ಸತ್ತ ಕೋಣೆ ಇದು. ಅವನು ತಿಕ್ಕಿದ ಗಂಟೆ ಇದು. ಆದರೂ ಬಾಗಿಲಿಗೆ ಸೀರೆ ಕಟ್ಟಲಿಲ್ಲ. ಮರುದಿನ ಬೆಳಗ್ಗೆ ಎಂದಿನಂತೆ ಜಗಲಿಗೆ ಬಂದು ನಿಂತಳು.

ಜನ ಮತ್ತೆ ಅತ್ತಿಮರದ ಕೆಳಗೆ ಸೇರತೊಡಗಿದರು. ಉತ್ತಯ್ಯ ಅಲ್ಲಿ ನಿಲ್ಲಿಸಲಿಲ್ಲ. ಹಾರ್ನ್ ಹೊಡೆದುಕೊಂಡು ಸೀದಾ ಟೇಸನ್ನಿಗೆ ತಂದ. ಹಿಂದೆ ಓಡಿ ಬಂದವರಿಗೆ ಹೇಳಿದ: "ನನ್ನವ್ವ ಗಂಡ ಸತ್ತ ಮೇಲೆಯೇ ನಮ್ಮನ್ನು ಸಾಕಿದ್ದು. ದಿನಾ ಅವಳ ಮುಖ ನೋಡಿಯೇ ಎದ್ದದ್ದು. ಮಿಲಿಟರಿಗೆ ಹೋಗುವಾಗ ಅವಳೇ ಬಾಗಿಲವರೆಗೆ ಬಂದದ್ದು. ಗುಂಡು ತಾಗದೆ ಬಂದಿದ್ದೇನಲ್ಲ. ಬೇಕಾದವರು ಹತ್ತಿ, ಬೇಡದವರು ನಡೀರಿ."

ಹತ್ತಿದರು. ಆದರೆ ಕೊಡೆ ಬಿಚ್ಚಿಕೊಂಡು ಹತ್ತಿದರು. ಸುಡುಬಿಸಿಲಿನಲ್ಲಿಯೂ ಕೊಡೆ. ಜಗಲಿಯ ಕಡೆಗೆ ಅಡ್ಡ ಹಿಡಿದು, ಏಡಿಯ ಹಾಗೆ ಪಕ್ಕಪಕ್ಕಕ್ಕೆ ನಡೆದು ಬಸ್ಸಿನ ಬಾಗಿಲು ಸೇರುತ್ತಿದ್ದರು. ಕೊಡೆ ಇಲ್ಲದವರು ಟವಲ್ಲು ಇಳಿಬಿಟ್ಟುಕೊಂಡರು. ಒಬ್ಬ ಮುಖ ಮುಚ್ಚಿಕೊಂಡು ಬಂದು ಕಂಬಕ್ಕೆ ಡಿಕ್ಕಿ ಹೊಡೆದ. ಅವನ ಹಣೆ ಊದಿದ್ದೂ ಚಲುವಮ್ಮನ ಲೆಕ್ಕಕ್ಕೇ ಬಂತು.

ಕಾಫಿ ಹಂಡೆಯಲ್ಲೇ ಆರಿತು. ರೊಟ್ಟಿ ಉಳಿಯಿತು. ತೋಟಕ್ಕೆ ಕೂಲಿಗೆ ಹೋಗುವ ಲಿಂಗಿ ಒಬ್ಬಳು ಮಾತ್ರ ದಿನಾ ಬೆಂಚಿನ ಮೇಲೆ ಕೂತು ಕುಡಿಯುತ್ತಿದ್ದಳು.

"ನಿಂಗೆ ಹೆದರಿಕೆ ಇಲ್ವೇನೆ?" ಎಂದಳು ಚಲುವಮ್ಮ.

"ನಂದು ಕೆಡಕ್ಕೆ ಏನೈತಕ್ಕ? ಕಾಫಿ ಹಣ್ಣು ಕುಯ್ಯೋ ಪಿಕ್ಕಿಂಗಿಗೆ ಹೋಗ್ತೀನಿ, ಕೂಲಿ ಲೈನಿನ ಮನೆಗೆ ಬತ್ತೀನಿ. ಇನ್ನೊಂದಿಷ್ಟು ಬೆಲ್ಲ ಹಾಕು."

ಚಲುವಮ್ಮ ಹಾಕಿದಳು. ಆ ದಿನಗಳಲ್ಲಿ ಅವಳಿಗೆ ರಾಗಿ ಹಿಟ್ಟಿಗೂ ಕಷ್ಟವಾಯಿತು. ಜವರಯ್ಯನ ಮೇಲೆ ಸಿಟ್ಟು ಬರುತ್ತಿತ್ತು. ಸತ್ತವನು ಸುಖವಾಗಿ ಸತ್ತ, ನನ್ನ ಮುಖಕ್ಕೆ ಮಸಿ ಬಳಿದು ಹೋದ ಎಂದು ಒಲೆಗೆ ಸೌದೆ ತುರುಕುತ್ತ ಬೈಯುತ್ತಿದ್ದಳು. ಬೈದು ಮುಗಿದ ಮೇಲೆ ಅವನ ಹಾಗೆಯೇ ಹುಣಿಸೆಹಣ್ಣು ಹಚ್ಚಿ ಗಂಟೆ ತಿಕ್ಕುತ್ತಿದ್ದಳು.

ಹೀಗಿರುವಾಗ ಪಟೇಲ ಸೋಮಯ್ಯ ಮತ್ತೆ ಬಂದ. ಈ ಸಲ ರಸ್ತೆ ಕಡೆಯಿಂದ ಬರಲಿಲ್ಲ. ಹಿತ್ತಲಿನ ಬೇಲಿ ದಾಟಿ ಬಂದ. ಅಲ್ಲಿ ಇಲ್ಲಿ ನೋಡಿ ಒಲೆಯ ಪಕ್ಕದ ಮಣೆಯ ಮೇಲೆ ಕೂತೇಬಿಟ್ಟ.

"ಬುಧವಾರ ತೀರ್ಪು" ಎಂದ.

ಅವನಿಗೂ ಅವನ ಚಿಕ್ಕಪ್ಪನ ಮಗ ತಿಮ್ಮಯ್ಯನಿಗೂ ಗದ್ದೆಯ ಕಾಲುವೆ ನೀರಿನ ಮೇಲೆ ವ್ಯಾಜ್ಯ. ಎಷ್ಟೋ ವರ್ಷದಿಂದ ಮಡಿಕೇರಿ ಕೋರ್ಟಿನಲ್ಲಿ ಎಳೆಯುತ್ತಿತ್ತು. ಇಬ್ಬರ ಮನೆಯವರೂ ಮಾತು ಬಿಟ್ಟಿದ್ದರು. ಇದು ಊರಿಗೆಲ್ಲ ಗೊತ್ತಿತ್ತು.

"ಆಗ್ಲಿ, ಒಳ್ಳೇದಾಗ್ಲಿ" ಎಂದಳು ಚಲುವಮ್ಮ.

"ತಿಮ್ಮಯ್ಯ ಬಸ್ಸಿಗೇ ಬತ್ತಾನೆ. ಕೊಡೆ ಅಡ್ಡ ಹಿಡ್ಕಂಡು ಬತ್ತಾನೆ, ಭಾರಿ ಹುಷಾರು ಅವನು. ನೀನು ಸ್ವಲ್ಪ ಕೆಳಗಿಳಿದು, ಕೊಡೆ ಒಳಗೆ ಮುಖ ಕಾಣಂಗೆ ನಿಂತ್ಕ. ಚೆನ್ನಾಗಿ ನೋಡ್ಬೇಕು ಅವನು."

ಅವಳು ಹಂಡೆ ತೊಳೆಯುತ್ತಿದ್ದಳು. ಕೈ ನಿಂತಿತು.

"ನೀವೂ ಅದೇ ಬಸ್ಸಿಗೇ ಹೋಗ್ಬೇಕಲ್ಲ ಪಟೇಲ್ರೆ?"

"ನಾನು ಅತ್ತಿಮರದ ಹಿಂದೆ ಇರ್ತೀನಿ. ಅವನು ಹತ್ತಿದ ಮೇಲೆ ಒಂದು ಸಲ ಕೆಮ್ತೀನಿ. ನೀನು ಒಳಗೋಗ್ಬುಡು. ಆಮ್ಯಾಲೆ ನಾನು ಬಂದು ಹತ್ಕತೀನಿ."

"ಇಷ್ಟೆಲ್ಲ ಮಾಡಿದ್ರೆ ನಂಗೇನು?"

"ಟೇಸನ್ ನಿಂಗೇ. ನಾನು ಮಡಿಕೇರಿಗೆ ಬರೆಯಕಿಲ್ಲ. ಊರೋರಿಗೂ ಹೇಳ್ತೀನಿ, ಆ ಹೆಂಗಸಿನ ಪಾಡಿಗೆ ಬಿಡ್ರಿ ಅಂತ."

ಸುಳ್ಳು ಯಾಕೆ, ಒಂದು ಗಳಿಗೆ ಅವಳಿಗೂ ಆಸೆಯಾಯಿತು. ದಿನಾ ನಿಲ್ಲುವ ಕಡೆಯಿಂದ ಒಂದು ದಿನ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತರೆ ಮುಗಿಯಿತು. ಮನೆ ಉಳಿಯುತ್ತದೆ, ಒಲೆ ಉಳಿಯುತ್ತದೆ. ಆಮೇಲೆ ಹಂಡೆಯನ್ನು ಪಕ್ಕಕ್ಕೆ ನೂಕಿದಳು. ಈ ಮುಖ ನೋಡಿಕೊಂಡೇ ಜವರಯ್ಯ ದಿನಾ ಗಂಟೆ ಹೊಡೆದ. ಆ ಗಂಟೆಗೆ ಹೊರಟ ಗಾಡಿಗಳು ಆನೆಯ ಕಾಲಿಗೆ ಸಿಗದೆ ಮೈಸೂರು ಸೇರಿದವು. ಆಗಿನ ಮುಖವೇ ಇದು. ಮೂಗು ಅದೇ, ಕಣ್ಣು ಅದೇ. ಕುಂಕುಮ ಒಂದು ಹೋಯಿತು. ಅಷ್ಟಕ್ಕೆ ಇದು ಪಕ್ಕದ ಮನೆಯವನ ಮೇಲೆ ಛೂ ಬಿಡುವ ನಾಯಿಯಾಯಿತೆ?

"ನಿಲ್ತೀನಿ ಬಿಡಿ" ಎಂದಳು.

ಸೋಮಯ್ಯ ಬಂದ ದಾರಿಯಲ್ಲೇ ಬೇಲಿ ದಾಟಿ ಹೋದ. ಪಂಚೆ ಮುಳ್ಳಿಗೆ ಸಿಕ್ಕಿ ಸ್ವಲ್ಪ ಹರಿಯಿತು.

ಬುಧವಾರ ಚಲುವಮ್ಮ ತಲೆಗೆ ನೀರು ಹಾಕಿಕೊಂಡಳು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಳು. ಗೋಡೆಯಲ್ಲಿ ಜವರಯ್ಯ ಕ್ಷೌರ ಮಾಡಿಕೊಳ್ಳುತ್ತಿದ್ದ ಸಣ್ಣ ಕನ್ನಡಿ ಇತ್ತು. ಅವನು ಹೋದ ಮೇಲೆ ಅವಳು ಅದರಲ್ಲಿ ಮುಖ ನೋಡಿರಲಿಲ್ಲ. ಅಂದು ನೋಡಿದಳು. ಚೆನ್ನಾಗಿ, ನಿಧಾನವಾಗಿ ನೋಡಿದಳು. ಆಮೇಲೆ ಟೇಸನ್ನಿಗೆ ಬೀಗ ಹಾಕಿ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಎಲ್ಲಿಗಕ್ಕ?" ಎಂದಳು ಬೆಂಚಿನ ಮೇಲಿದ್ದ ಲಿಂಗಿ.

"ಮಡಿಕೇರಿಗೆ. ಬಸ್ಸು ಬಂದ್ರೆ ನೀನು ಗಂಟೆ ಹೊಡಿ."

ತಿಮ್ಮಯ್ಯ ಬಂದ. ಕೊಡೆ ಅಡ್ಡ ಹಿಡಿದಿದ್ದ. ಚಲುವಮ್ಮ ಜಗಲಿಯಿಂದ ಇಳಿದು ಅವನ ಮುಂದೆ ಹೋಗಿ ನಿಂತಳು. ಸುತ್ತ ಕೊಡೆಗಳ ಹಿಂದೆ ನಿಂತ ಎಲ್ಲರಿಗೂ, ಅತ್ತಿಮರದ ಹಿಂದೆ ನಿಂತವನಿಗೂ ಕೇಳುವ ಹಾಗೆ ಹೇಳಿದಳು:

"ತಿಮ್ಮಯ್ಯಣ್ಣ, ಕೊಡೆ ಮಡಿಚು. ಇವತ್ತು ನಿಂಗೆ ತೀರ್ಪಂತೆ. ನಿನ್ನ ಎದುರಿಗೆ ಬಂದು ನಿಂತ್ಕ ಅಂತ ಪಟೇಲ್ರು ನಮ್ಮ ಹಿತ್ತಲ ಬೇಲಿ ಹಾರಿ ಬಂದು ಹೇಳವ್ರೆ. ಮಾತು ಕೊಟ್ಟಿದ್ದೆ, ನಿಂತೀನಿ. ನೋಡ್ಕ."

ತಿಮ್ಮಯ್ಯ ಕೊಡೆ ಇಳಿಸಿದ. ಅವಳ ಮುಖ ನೋಡಿದ. ಅತ್ತಿಮರದ ಕಡೆ ತಿರುಗಿದ. 

"ಅಣ್ಣಯ್ಯ, ಆಚೆ ಬಾ" ಎಂದ. "ಮರದ ಹಿಂದೆ ಪಂಚೆ ಕಾಣ್ತೈತೆ."

ಯಾರೋ ಕಿಸಕ್ಕೆಂದರು. ಲಿಂಗಿ ಬಾಯಿಗೆ ಸೆರಗು ಒತ್ತಿದಳು. ಅಷ್ಟರಲ್ಲಿ ಬಸ್ಸು ಬಂತು.

ಆ ಬಸ್ಸಿನಲ್ಲಿ ಡ್ರೈವರ್ ಹಿಂದೆ ಒಂದು ಅಡ್ಡ ಬೆಂಚು. ಅದರಲ್ಲಿ ಕೂತವರು ಹಿಂದಕ್ಕೆ ಮುಖ ಮಾಡಿ ಕೂರಬೇಕು. ಇಡೀ ಬಸ್ಸು ಅವರ ಎದುರಿಗಿರುತ್ತದೆ. ಚಲುವಮ್ಮ ಎಲ್ಲರಿಗಿಂತ ಮೊದಲು ಹತ್ತಿ ಅಲ್ಲಿ ಕೂತಳು. ಒಬ್ಬೊಬ್ಬರೇ ಹತ್ತಿದರು. ಬಸ್ಸಿನೊಳಗೆ ಕೊಡೆ ಬಿಚ್ಚಲು ಆಗುವುದಿಲ್ಲ. ಸೋಮಯ್ಯನಿಗೂ ಬೇರೆ ದಾರಿ ಇರಲಿಲ್ಲ. ಹೋಗದಿದ್ದರೆ ತೀರ್ಪು ತಪ್ಪುತ್ತದೆ. ಕೊನೆಯಲ್ಲಿ ಹತ್ತಿದ. ಉಳಿದಿದ್ದ ಜಾಗ ಒಂದೇ, ಅವಳ ಎದುರಿನದು.

ಲಿಂಗಿ ಗಂಟೆ ಹೊಡೆದಳು. ತೋಳಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದಳು.

ಸೋಮಯ್ಯ ಕಿಟಕಿಯ ಆಚೆ ನೋಡಿದ. ತಿರುವು ಬಂದಾಗ ಬಸ್ಸು ಅವನನ್ನು ಮತ್ತೆ ಅವಳ ಕಡೆಗೇ ತಿರುಗಿಸಿತು. ಆ ದಾರಿಯಲ್ಲಿ ತಿರುವಿಗೆ ಬರವಿಲ್ಲ.

"ನಾಚ್ಕಬೇಡಿ ಪಟೇಲ್ರೆ. ಮಡಿಕೇರಿಗಂಟ ಇಲ್ಲೇ ಇರ್ತೀನಿ, ನೋಡಿ" ಎಂದಳು.

ಉತ್ತಯ್ಯ ಮುಂದಿನಿಂದ ಕೂಗಿದ: "ನನಗೂ ಕನ್ನಡಿಯಲ್ಲಿ ಕಾಣುತ್ತದೆ ಅಕ್ಕ. ಬಸ್ಸು ಕಮರಿಗೆ ಬಿದ್ದರೆ ಯಾರ ಶಕುನ ಅಂತ ಹೇಳುದು ಮಾರಾಯ್ರೆ? ಈಗಲೇ ತೀರ್ಮಾನ ಮಾಡಿಟ್ಟುಕೊಳ್ಳಿ." ಹಿಂದಿನ ಸೀಟಿನಲ್ಲಿ ನಕ್ಕರು. ಬಸ್ಸು ಕಮರಿಗೆ ಬೀಳಲಿಲ್ಲ.

ಮಡಿಕೇರಿಯಲ್ಲಿ ಅಣ್ಣ ತಮ್ಮ ಕೋರ್ಟಿಗೆ ಹೋದರು. ಚಲುವಮ್ಮ ಸರ್ಕಾರದ ಕಚೇರಿ ಕೇಳಿಕೊಂಡು ಹೋದಳು. ಪಟೇಲ ಬರೆಯುವ ಮುಂಚೆ ತಾನೇ ಹೋಗಿ ಕೇಳುವುದು ಎಂದು ನಿಶ್ಚಯಿಸಿದ್ದಳು. ಬೀಗ ಜಡಿಯುವುದಾದರೆ ನನ್ನ ಮುಖ ನೋಡಿ ಹೇಳಲಿ ಎಂದು. ಒಂದು ಮೇಜಿನವರು ಇನ್ನೊಂದು ಮೇಜಿಗೆ ಕಳಿಸಿದರು. ಕೊನೆಗೆ ಕನ್ನಡಕದ ಒಬ್ಬರು ತಲೆ ಎತ್ತಿದರು.

"ಯಾವ ಟೇಶನ್ನಮ್ಮ? ಪೊಲೀಸ್ ಟೇಶನ್ನೇ?"

"ರೈಲು ಟೇಸನ್ನು ಬುದ್ದಿ. ಅತ್ತಿಬೈಲಿಂದು."

"ಕೊಡಗಿನಲ್ಲಿ ರೈಲೇ ಇಲ್ಲವಲ್ಲಮ್ಮ."

"ರೈಲಿಲ್ಲ. ಟೇಸನ್ ಐತೆ. ಅದರಲ್ಲಿ ನಾನಿದ್ದೀನಿ."

ಅವರು ಪಕ್ಕದವರನ್ನು ಕರೆದರು. ಇಬ್ಬರೂ ಸೇರಿ ಏನೇನೋ ಲೆಕ್ಕದ ಪುಸ್ತಕ ತಿರುವಿ ನೋಡಿದರು. ಅತ್ತಿಬೈಲಿನ ಗದ್ದೆ ಸಿಕ್ಕಿತು, ಕಾಡು ಸಿಕ್ಕಿತು. ಟೇಸನ್ ಸಿಕ್ಕಲಿಲ್ಲ.

"ನಮ್ಮ ಸರ್ಕಾರದ್ದಲ್ಲ. ರೈಲಿನವರದ್ದಿರಬೇಕು."

"ರೈಲಿನೋರು ಎಲ್ಲವ್ರೆ?"

"ಅವರು ಕೊಡಗಿನಲ್ಲಿ ಇಲ್ಲ."

"ಅಂಗಾರೆ ನನ್ನ ಅಲ್ಲಿಂದ ಎಬ್ಬಿಸೋರು ಯಾರು?"

ಕನ್ನಡಕದವರು ಕನ್ನಡಕ ತೆಗೆದರು. ಯೋಚಿಸಿದರು. "ಯಾರೂ ಇಲ್ಲ ಅಂತ ಕಾಣುತ್ತೆ."

"ಊರ ಪಟೇಲ್ರು ಕಾಗದ ಬರೆದ್ರೆ?"

"ಇಲ್ಲದ ಟೇಶನ್ನಿಗೆ ನಾವೇನು ಉತ್ತರ ಬರೆಯೋದು? ಹೋಗಿ ಇರಮ್ಮ."

ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಬೆಳಗ್ಗೆ ಕನ್ನಡಿಯಲ್ಲಿ ಮೊದಲು ನೋಡಿದ್ದು ತನ್ನ ಮುಖವನ್ನೇ. ಅದೇ ಮುಖ ನೋಡಿಕೊಂಡು ಹೊರಟಿದ್ದಳು. ಕೆಲಸ ಆಯಿತು. ಅಲ್ಲಿ ಕೂತು, ಅಷ್ಟು ದಿನಗಳಲ್ಲಿ ಮೊದಲ ಸಲ, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಇದನ್ನು ಹೇಳಲು ಜವರಯ್ಯ ಇರಲಿಲ್ಲ. ಇದ್ದಿದ್ದರೆ ಅವನು ವಾರಗಟ್ಟಲೆ ನಗುತ್ತಿದ್ದ.

ಸಂಜೆ ವಾಪಸು ಅದೇ ಬಸ್ಸು. ಅವಳು ಅದೇ ಬೆಂಚಿನಲ್ಲಿ ಕೂತಳು. ಬೆಳಗ್ಗೆ ಬಂದವರೇ ಹತ್ತಿದರು. ಒಬ್ಬನಿಗೆ ಏಲಕ್ಕಿಗೆ ಒಳ್ಳೆ ಬೆಲೆ ಸಿಕ್ಕಿತ್ತು. ಒಬ್ಬಳ ಹಲ್ಲುನೋವು ಹೋಗಿತ್ತು. ಒಬ್ಬ ನೆಂಟರ ಮನೆಗೆ ಬೀಗ ಕಂಡು ತಿರುಗಿ ಬಂದಿದ್ದ. ಕೋರ್ಟಿನಲ್ಲಿ ಸೋಮಯ್ಯ ಗೆದ್ದಿದ್ದ. ತಿಮ್ಮಯ್ಯ ಸೋತಿದ್ದ.

ಗೆದ್ದವನ ಬಾಯಿ ಕಟ್ಟಿತ್ತು. ಏನು ಹೇಳುತ್ತಾನೆ? ಅವಳ ಮುಖ ಕೆಟ್ಟದ್ದು ಎಂದರೆ ತಾನು ಗೆಲ್ಲಬಾರದಿತ್ತು.

ಉತ್ತಯ್ಯ ಬಿಡಲಿಲ್ಲ. "ಪಟೇಲ್ರೆ, ಗೆದ್ದಿರಂತೆ. ಯಾರ ಮುಖ ನೋಡಿ ಹೊರಟದ್ದು?"

ಸೋಮಯ್ಯ ಟವಲ್ಲಿನಿಂದ ಕತ್ತು ಒರೆಸಿಕೊಂಡ. ಜನ ತಿಮ್ಮಯ್ಯನ ಕಡೆ ತಿರುಗಿದರು. ಸೋತವನಾದರೂ ಬೈಯಲಿ ಎಂದು ಕೆಲವರಿಗೆ ಆಸೆ ಇತ್ತು. ಅವನು ಹೇಳಿದ: "ನಾನೂ ಅಣ್ಣಯ್ಯನೂ ನೋಡಿದ್ದು ಒಂದೇ ಮುಖ. ನಾನು ಬೈಯೋದಾದ್ರೆ ನಮ್ಮ ವಕೀಲನ್ನ ಬೈತೀನಿ. ಇವಳನ್ನ ಯಾಕೆ ಬೈಲಿ? ಇವಳು ಬಾಯಿಬಿಟ್ಟು ಹೇಳಿ ಎದುರಿಗೆ ನಿಂತಳು. ಕೆಲವರು ಮರದ ಹಿಂದೆ ನಿಂತಿದ್ರು."

ಮರುದಿನ ಬಿಸಿಲಿತ್ತು. ಒಂದೆರಡು ಕೊಡೆ ಬಂದವು, ಅಷ್ಟೇ. ಮಳೆಗಾಲ ಬರುವ ಹೊತ್ತಿಗೆ ಕೊಡೆಗಳು ಮಳೆಗೆ ಮಾತ್ರ ಬಿಚ್ಚಿದವು. ಹಂಡೆಯ ಕಾಫಿ ಖಾಲಿಯಾಗತೊಡಗಿತು. ಊರು ಅವಳಲ್ಲಿ ತಪ್ಪಾಯಿತು ಎಂದು ಕೇಳಲಿಲ್ಲ. ಅವಳೂ ಕಾಯಲಿಲ್ಲ. ಬಸ್ಸಿನ ಕಂಡಕ್ಟರು "ಚಲುವಮ್ಮನ ಟೇಸನ್, ಚಲುವಮ್ಮನ ಟೇಸನ್" ಎಂದು ಕೂಗಿ ಇಳಿಸತೊಡಗಿದ. ಸಿದ್ದಾಪುರದ ತೋಟಗಳಿಗೆ ಹೋಗುವ ಆಳುಗಳು ಗಂಟು ಇಟ್ಟುಕೊಂಡು ಅಲ್ಲೇ ಕಾಯುತ್ತಿದ್ದರು. ಹೆಂಗಸರು ಒಳಗೆ ಹೋಗಿ ಕೂಸಿಗೆ ಹಾಲು ಕೊಡುತ್ತಿದ್ದರು.

ತಿಮ್ಮಯ್ಯ ಮೇಲಿನ ಕೋರ್ಟಿಗೆ ಹೋದ. ಮತ್ತೊಂದು ದಿನ ಗೊತ್ತಾಯಿತು. ಅಂದು ಸೋಮಯ್ಯ ಬಸ್ಸಿಗೆ ಬಹಳ ಮುಂಚೆಯೇ ಬಂದ. ರಸ್ತೆ ಕಡೆಯಿಂದಲೇ ಬಂದ. ಚಲುವಮ್ಮ ಒಲೆಯ ಮುಂದೆ ಬಗ್ಗಿ ಊದುತ್ತಿದ್ದಳು.

"ಚಲುವಮ್ಮ, ಒಂದು ಗಳಿಗೆ ಆಚೆ ಬಾ" ಎಂದ.

"ಯಾಕೆ?"

"ಹೋದ ಸಲ ನಿನ್ನ ಎದುರಿಗೆ ಕೂತು ಹೋಗಿದ್ದೆ, ಗೆದ್ದೆ. ಇವತ್ತೂ ಸ್ವಲ್ಪ ಎದುರಿಗೆ ಬಂದು ನಿಂತ್ಕಳವ್ವ. ನೀಲಾವತೀನೂ ಹೇಳಿ ಕಳಿಸವ್ಳೆ. ನೋಡ್ಕಂಡೇ ಹೋಗಿ ಅಂತ."

ಅವಳು ಊದುವುದನ್ನು ನಿಲ್ಲಿಸಿ ಒಲೆಯ ಪಕ್ಕದ ಕಿಟಕಿಯಲ್ಲಿ ನೋಡಿದಳು. ಅತ್ತಿಮರದ ಕಡೆಯಿಂದ ತಿಮ್ಮಯ್ಯನೂ ಬೇಗ ಬೇಗ ಬರುತ್ತಿದ್ದ. ಅವನೂ ಅದಕ್ಕೇ ಬರುತ್ತಿದ್ದಾನೆ ಎಂದು ನೋಡಿದರೇ ತಿಳಿಯುತ್ತಿತ್ತು. ಮೊದಲು ಮುಖ ಮುಚ್ಚು ಎಂದರು. ಆಮೇಲೆ ಶತ್ರುವಿಗೆ ತೋರಿಸು ಎಂದರು. ಈಗ ತಮಗೆ ತೋರಿಸು ಎನ್ನುತ್ತಿದ್ದಾರೆ. ನಾಳೆ ಸೋತರೆ ಮತ್ತೆ ಕೊಡೆ ಬಿಚ್ಚುತ್ತಾರೆ.

"ಪಟೇಲ್ರೆ" ಎಂದಳು, ತಿರುಗದೆ. "ನಿಮ್ಮ ಕಾಲುವೆ ನೀರಿಗೂ ನನ್ನ ಮುಖಕ್ಕೂ ಏನೂ ಸಂಬಂಧ ಇಲ್ಲ. ಅವತ್ತೂ ಇರ್ಲಿಲ್ಲ, ಇವತ್ತೂ ಇಲ್ಲ. ನಾನು ಕಾಫಿ ಮಾರೋಳು. ಕಾಫಿ ಬೇಕೋ, ಬ್ಯಾಡ್ವೋ?"

ಸೋಮಯ್ಯ ಅವಳ ಬೆನ್ನನ್ನು ನೋಡುತ್ತ ನಿಂತ. ತಿಮ್ಮಯ್ಯನೂ ಬಂದು ನಿಂತ. ಅವಳು ತಿರುಗಲಿಲ್ಲ. ಬೇರೆ ದಾರಿ ಕಾಣದೆ ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂತರು.

"ಒಂದು ಲೋಟ ಕೊಡು" ಎಂದ ಸೋಮಯ್ಯ.

"ನಂಗೂ ಒಂದು" ಎಂದ ತಿಮ್ಮಯ್ಯ.

ಅವಳು ಎರಡು ಲೋಟ ತುಂಬಿ, ಬೆಂಚಿನ ನಡುವೆ ಇಟ್ಟು, ಗಂಟೆಯ ಹತ್ತಿರ ಹೋದಳು. ಬಸ್ಸಿನ ಸದ್ದು ಕೇಳುತ್ತಿತ್ತು. ಗದ್ದೆಯ ಬದುವಿನಲ್ಲಿ ಇನ್ನೂ ಜನ ಬರುತ್ತಿದ್ದರು.

ಹಗ್ಗ ಹಿಡಿದು ಹೊಡೆದಳು.